ಸದ್ದಿಲ್ಲದ ದಾಳ

ಆಫೀಸಿನಲ್ಲಿ ಅವನಿಗೆ ದಾಳಪ್ಪ ಎಂದು ಅಡ್ಡಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಆದರೆ ಸುಮ್ಮನೆ ಇಟ್ಟಿರಲಿಲ್ಲ. ಮೊಬೈಲಿನಲ್ಲಿ ಆಡುವ ಕ್ರಿಕೆಟ್ ಆಟವೊಂದನ್ನು ತಯಾರಿಸುವ ಕಂಪನಿ ಅದು. ಆ ಆಟದಲ್ಲಿ ಬ್ಯಾಟು ಬೀಸುವುದು ಆಡುವವನ ಬೆರಳೇ ಆದರೂ, ಚೆಂಡು ಬೌಂಡರಿಗೆ ಹೋಗಬೇಕೋ ಫೀಲ್ಡರನ ಕೈಗೆ ಹೋಗಬೇಕೋ ಎಂದು ತೀರ್ಮಾನಿಸುವುದು ಕಂಪ್ಯೂಟರಿನೊಳಗೆ ಉರುಳುವ, ಯಾರ ಕಣ್ಣಿಗೂ ಕಾಣದ ಒಂದು ದಾಳ. ಆ ದಾಳ ಯಾರ ಕಡೆಗೂ ವಾಲದಂತೆ ನೋಡಿಕೊಳ್ಳುವುದು ದಾಳಪ್ಪನ ಕೆಲಸ. ಬೆಳಗ್ಗೆ ಬಂದು ಗುಂಡಿ ಒತ್ತಿದರೆ ಕಂಪ್ಯೂಟರು ತನ್ನ ಜೊತೆಗೆ ತಾನೇ ಸಾವಿರಾರು ಪಂದ್ಯ ಆಡಿಕೊಳ್ಳುತ್ತಿತ್ತು. ಗೆಲ್ಲುವುದೂ ಅದೇ, ಸೋಲುವುದೂ ಅದೇ. ಇವನು ಎದುರಿಗೆ ಕೂತು ಅಂಕಿಗಳು ಹರಿದುಹೋಗುವುದನ್ನು ನೋಡುತ್ತಿದ್ದ.

ಮಿಕ್ಕ ಹೊತ್ತೆಲ್ಲ ಬೈಗುಳ ಓದುವುದು. ಸೋತವರು ಬರೆಯುತ್ತಿದ್ದ ದೂರುಗಳಿಗೆ ಉತ್ತರ ಕೊಡುವ ಪಾಡೂ ಅವನದೇ ಆಗಿತ್ತು. ನಿಮ್ಮದು ಮೋಸದ ಆಟ, ಒಂದೇ ಓವರಿನಲ್ಲಿ ನನ್ನ ಮೂರು ಜನ ಕ್ಯಾಚು ಕೊಟ್ಟರು, ನಿಮ್ಮ ಮನೆ ಹಾಳಾಗ ಎಂದು ಒಬ್ಬ ಬರೆದರೆ, ನಿಮ್ಮ ಕಂಪ್ಯೂಟರಿಗೆ ನನ್ನ ಮೇಲೆ ಏನು ದ್ವೇಷ ಎಂದು ಇನ್ನೊಬ್ಬ ಅಳುತ್ತಿದ್ದ. ದಾಳಪ್ಪ ಎಲ್ಲರಿಗೂ ತಾಳ್ಮೆಯಿಂದ ಬರೆಯುತ್ತಿದ್ದ: ದಾಳಕ್ಕೆ ನೆನಪಿಲ್ಲ, ಹಿಂದಿನ ಸಲ ಏನು ಬಿತ್ತು ಎನ್ನುವುದು ಅದಕ್ಕೆ ಗೊತ್ತಿರುವುದಿಲ್ಲ, ಹಾಗಾಗಿ ಬಿದ್ದದ್ದೇ ಮತ್ತೆ ಮತ್ತೆ ಬಿದ್ದರೆ ಅದು ಮೋಸವಲ್ಲ, ನ್ಯಾಯ. ಯಾರೂ ನಂಬುತ್ತಿರಲಿಲ್ಲ. ಗೆದ್ದವನೊಬ್ಬನೂ ಇವತ್ತಿನವರೆಗೆ ದೂರು ಕೊಟ್ಟಿಲ್ಲ ನೋಡಿ ಎಂದು ಊಟದ ಹೊತ್ತಿನಲ್ಲಿ ಹೇಳಿ ತಾನೊಬ್ಬನೇ ನಗುತ್ತಿದ್ದ. ಜೊತೆಯವರೆಲ್ಲ ಅವನಿಗಿಂತ ಎಷ್ಟೋ ಚಿಕ್ಕವರು. ಆ ಜೋಕನ್ನು ಅವರು ಕೇಳಿ ಕೇಳಿ ಸಾಕಾಗಿ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋಗಲು ಕಲಿತಿದ್ದರು.

ಮನೆ ಎಂದರೆ ಎರಡನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ. ಮೇಜಿಗೆ ಎರಡು ಕುರ್ಚಿ. ಒಂದರ ಮೇಲೆ ಅವನು ಕೂರುತ್ತಿದ್ದ, ಇನ್ನೊಂದರ ಮೇಲೆ ಒಗೆದ ಬಟ್ಟೆ ಕೂರುತ್ತಿತ್ತು. ಹೆಂಡತಿ ಬಿಟ್ಟುಹೋಗಿ ವರ್ಷಗಳಾಗಿದ್ದವು. ಜಗಳ ಆಡಿ ಹೋಗಿದ್ದರೆ ಹೇಳಿಕೊಳ್ಳಲು ಒಂದು ಕಥೆಯಾದರೂ ಇರುತ್ತಿತ್ತು. ಅವಳು ಸೂಟ್‌ಕೇಸು ಮುಚ್ಚುತ್ತಾ, "ನಿಮ್ಮ ಜೊತೆ ಇದ್ರೂ ಒಬ್ಬಳೇ ಇದ್ದ ಹಾಗೇ ಇರುತ್ತೆ. ಅದಕ್ಕೆ ನಿಜವಾಗಲೂ ಒಬ್ಬಳೇ ಇರೋದು ವಾಸಿ," ಎಂದು ಮೆತ್ತಗೆ ಹೇಳಿ ಹೊರಟಿದ್ದಳು. ಅವನು ಆ ಪೆಟ್ಟಿಗೆಯನ್ನು ಕೆಳಗಿನವರೆಗೆ ಹೊತ್ತು ತಂದುಕೊಟ್ಟಿದ್ದ.

ಅಂಥವನಿಗೆ ವಾರದಲ್ಲಿ ಒಂದು ಭಾನುವಾರ ಇತ್ತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ತಂಗಿಗೆ ಫೋನು.

ಫೋನು ಎಂದರೆ ಮಾತಿಗಲ್ಲ, ಪಂದ್ಯಕ್ಕೆ. ಚಿಕ್ಕವರಿದ್ದಾಗ ಅಣ್ಣ ತಂಗಿ ಸೇರಿ ಕಟ್ಟಿಕೊಂಡ ಆಟ ಅದು. ಹಲಗೆ ಕಳೆದುಹೋದ ಯಾವುದೋ ಆಟದ ಎರಡು ದಾಳಗಳು ಮನೆಯಲ್ಲಿ ಉಳಿದಿದ್ದವು. ಇಬ್ಬರಿಗೂ ಒಂದೊಂದು ತಂಡ. ದಾಳ ಹಾಕಿದರೆ ಎಷ್ಟು ಬೀಳುತ್ತದೋ ಅಷ್ಟು ರನ್ನು, ಐದು ಬಿದ್ದರೆ ಮಾತ್ರ ಔಟು. ಹತ್ತು ಜನ ಔಟಾದರೆ ಆಟ ಎದುರಿನವರಿಗೆ. ಅವನ ತಂಡದಲ್ಲಿ ಬೋಳು ಕ್ಯಾಪ್ಟನ್, ಎಡಚ, ಗೂಬೆ ಎಂಬ ಮಹಾನ್ ಆಟಗಾರರಿದ್ದರು. ತಂಗಿಯ ತಂಡದಲ್ಲಿ ಬೀದಿಯಲ್ಲಿ ಓಡಾಡುವವರೆಲ್ಲ ಇದ್ದರು: ಪೋಸ್ಟ್‌ಮ್ಯಾನ್, ಹಾಲಿನವನು, ಲೆಕ್ಕದ ಮೇಷ್ಟ್ರು. ಅವಳ ಮದುವೆಯ ದಿನ ಅಣ್ಣ ಎರಡರಲ್ಲಿ ಒಂದು ದಾಳವನ್ನು ಅವಳ ಕೈಗೆ ಹಾಕಿ, "ಅಲ್ಲಿಂದಲೇ ಹಾಕು, ಇಲ್ಲಿಂದ ನಾನು ಹಾಕ್ತೀನಿ," ಎಂದಿದ್ದ. ಅವತ್ತಿನಿಂದ ಫೋನಿನಲ್ಲೇ ಆಟ. ಅವನ ದಾಳ ಅವಳು ನೋಡುವುದಿಲ್ಲ, ಅವಳ ದಾಳ ಅವನು ನೋಡುವುದಿಲ್ಲ. ಬಿದ್ದದ್ದನ್ನು ಬಿದ್ದ ಹಾಗೆ ಹೇಳಬೇಕು, ಅಷ್ಟೇ. ಐದು ಎಂದು ತನ್ನ ಬಾಯಿಂದ ತಾನೇ ಹೇಳಿ ತನ್ನವನನ್ನು ಔಟು ಮಾಡಿಕೊಳ್ಳುವುದು ಸುಲಭದ ಮಾತಲ್ಲ. ಆದರೆ ದಾಳಪ್ಪ ಈ ಜನ್ಮದಲ್ಲಿ ಒಮ್ಮೆಯೂ ಆ ಮಾತು ನುಂಗಿದವನಲ್ಲ. ತಂಗಿಯೂ ನುಂಗುವವಳಲ್ಲ ಎಂದು ಅವನು ಕಣ್ಣು ಮುಚ್ಚಿ ನಂಬಿದ್ದ.

ರನ್ನುಗಳನ್ನು ಅವನು ಒಂದು ಸಣ್ಣ ಬಿಳಿ ಹಲಗೆಯ ಮೇಲೆ ಬರೆಯುತ್ತಿದ್ದ. ಪಂದ್ಯ ಮುಗಿದ ತಕ್ಷಣ, "ಸರಿ, ಇಡ್ತೀನಿ," ಎಂದು ಫೋನು ಇಟ್ಟು ಹಲಗೆ ಒರೆಸಿಬಿಡುತ್ತಿದ್ದ. ಅವನ ದಾಳ ಮೇಜಿನ ಮೇಲೆ ಟಕಟಕ ಉರುಳುವುದು ಅವಳಿಗೆ ಕೇಳುತ್ತಿತ್ತು. ಅವಳ ದಾಳದ ಸದ್ದು ಮಾತ್ರ ಈ ಕಡೆಗೆ ಬರುತ್ತಿರಲಿಲ್ಲ. ಅವಳು ಮನೆಯಲ್ಲೇ ಬಟ್ಟೆ ಸರಿಮಾಡಿಕೊಡುವ ದರ್ಜಿ. "ಬಟ್ಟೆ ಮೇಲೆ ಹಾಕ್ತೀನಲ್ಲ ಅಣ್ಣ, ಸದ್ದು ಎಲ್ಲಿಂದ ಬರಬೇಕು?" ಎಂದು ಹಿಂದೊಮ್ಮೆ ಹೇಳಿದ್ದಳು. ಅದು ಸರಿ ಎನಿಸಿ ಅವನು ಮತ್ತೆ ಕೇಳಿರಲಿಲ್ಲ.

ಆ ಪಂದ್ಯಗಳೋ, ಏನು ಹೇಳುವುದು! ಒಂದೊಂದೂ ಕೊನೆಯ ಎಸೆತದವರೆಗೆ ಉಸಿರು ಬಿಗಿಹಿಡಿಸುವಂಥವು. ಇವನು ಗೆದ್ದರೆ ಎರಡು ರನ್ನಿನಿಂದ, ಅವಳು ಗೆದ್ದರೆ ಕೊನೆಯ ವಿಕೆಟ್ಟಿನಿಂದ. ನಮ್ಮ ಕಂಪನಿಯ ಆಟಕ್ಕೆ ಬೆಂಕಿ ಹಾಕಬೇಕು, ಆಟ ಅಂದರೆ ನನ್ನದು ನನ್ನ ತಂಗಿಯದು ಎಂದು ಅವನು ಮನಸ್ಸಿನಲ್ಲೇ ಬೀಗುತ್ತಿದ್ದ. ಸೋಮವಾರ ಇಡೀ ದಿನ ಬೈಗುಳ ಓದುವುದಕ್ಕೆ ಬೇಕಾದ ಗಟ್ಟಿತನ ಅಲ್ಲಿಂದ ಬರುತ್ತಿತ್ತು.

ಹೀಗಿರುವಾಗ ಒಂದು ಶುಕ್ರವಾರ ಅವನ ವಿಭಾಗದ ಮುಖ್ಯಸ್ಥೆ ಅವನನ್ನು ಕರೆದಳು. ಚುರುಕಿನ ಹೆಂಗಸು, ನಿಂತುಕೊಂಡೇ ಮಾತಾಡುವ ಅಭ್ಯಾಸ.

"ಹೊಸದೊಂದು ಸೇರಿಸಿದ್ದೀವಿ. ರೋಚಕ ಮೋಡ್ ಅಂತ. ಲೆಕ್ಕ ಸರಿ ಇದೆಯಾ ನೋಡಿ," ಎಂದಳು.

"ಏನು ಮಾಡುತ್ತೆ ಅದು?"

"ಹಿಂದೆ ಬಿದ್ದವನಿಗೆ ದಾಳ ಸ್ವಲ್ಪ ಆಸರೆ ಕೊಡುತ್ತೆ. ಮುಂದೆ ಓಡಿದವನನ್ನು ಸ್ವಲ್ಪ ಹಿಡಿದು ನಿಲ್ಲಿಸುತ್ತೆ. ತೀರಾ ಸೋತವನು ಬೇಜಾರಾಗಿ ಆಟ ಅಳಿಸಿ ಹಾಕ್ತಾನೆ. ಸುಲಭವಾಗಿ ಗೆದ್ದವನೂ ಬೇಜಾರಾಗಿ ಎದ್ದು ಹೋಗ್ತಾನೆ. ಪಂದ್ಯ ಹತ್ತಿರಕ್ಕೆ ಬಂದರೆ ಮಾತ್ರ ಕೂತಿರ್ತಾನೆ."

ದಾಳಪ್ಪನ ಮುಖ ಊದಿತು. "ಮೇಡಂ, ಇಷ್ಟು ದಿನ ನಾನು ಜನಕ್ಕೆ ನಮ್ಮದು ಮೋಸ ಅಲ್ಲ ಅಂತ ಬರೀತಾ ಬಂದಿದ್ದೀನಿ. ಈಗ ನೀವೇ ಮೋಸ ಮಾಡೋಣ ಅಂತೀರಾ?"

"ಮೋಸ ಅಂತ ಯಾಕೆ ಅಂದ್ಕೋತೀರಿ? ಆಡೋವನ ಮೇಲೆ ಕಾಳಜಿ ಅಂದ್ಕೊಳ್ಳಿ," ಎಂದು ಅವಳು ನಕ್ಕಳು. ಅವನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಲೆಕ್ಕ ಸರಿಯಿದೆಯೇ ಎಂದಷ್ಟೇ ಕೇಳಿದ್ದರು.

ಗುಂಡಿ ಒತ್ತಿದ. ಪಂದ್ಯಗಳು ಹರಿದವು. ಒಂದು ತಂಡ ಇನ್ನೂರು ಹೊಡೆದರೆ ಇನ್ನೊಂದು ನೂರ ತೊಂಬತ್ತೆಂಟು. ಒಂದು ತಂಡ ಎಪ್ಪತ್ತಕ್ಕೆ ಕುಸಿದರೆ ಇನ್ನೊಂದೂ ಬಂದು ಅಲ್ಲೇ ಕುಸಿಯುತ್ತಿತ್ತು. ಅವನಿಗೆ ಮೈಯೆಲ್ಲ ಉರಿಯಿತು. ಪರದೆಯನ್ನು ಮುಖ್ಯಸ್ಥೆಯ ಕಡೆ ತಿರುಗಿಸಿ, "ನೋಡಿ, ಕಣ್ಣಿದ್ದವರಿಗೆ ಕಾಣುತ್ತೆ. ನಿಜವಾದ ದಾಳ ಹೀಗೆ ಆಡಲ್ಲ. ಈ ಕಡೆಯವನು ಎಪ್ಪತ್ತಕ್ಕೆ ಬಿದ್ದ ಅಂತ ಆ ಕಡೆಯವನು ಯಾಕೆ ಎಪ್ಪತ್ತಕ್ಕೆ ಬೀಳಬೇಕು? ದಾಳಕ್ಕೆ ಎದುರಿಗೆ ಯಾರಿದ್ದಾರೆ ಅಂತಾನೇ ಗೊತ್ತಿರಲ್ಲ! ಹೀಗೆ ಪ್ರತಿ ಸಲವೂ ಹತ್ತಿರಕ್ಕೆ ಬರ್ತಿದೆ ಅಂದ್ರೆ ಯಾರೋ ಕೂತು..."

ಮಾತು ಅಲ್ಲೇ ನಿಂತಿತು. ಹಿಂದಿನ ಭಾನುವಾರ ಅವನ ತಂಡ ಎಪ್ಪತ್ತೊಂದಕ್ಕೆ ಮುಗಿದಿತ್ತು. ಇವತ್ತು ಕಥೆ ಮುಗೀತು ಎಂದುಕೊಂಡಿದ್ದ. ತಂಗಿ ಅರವತ್ತೊಂಬತ್ತಕ್ಕೆ ಔಟಾಗಿದ್ದಳು.

"ಯಾರೋ ಕೂತು?" ಎಂದು ಮುಖ್ಯಸ್ಥೆ ಕೇಳಿದಳು.

"ಏನಿಲ್ಲ. ಲೆಕ್ಕ ಸರಿ ಇದೆ," ಎಂದ ದಾಳಪ್ಪ.

ಅವತ್ತು ಮನೆಗೆ ನಡೆದುಕೊಂಡೇ ಬಂದ. ಬಸ್ಸು ಹತ್ತುವುದು ಮರೆತೇಹೋಗಿತ್ತು. ಹಲಗೆ ಒರೆಸಿಬಿಡುತ್ತಿದ್ದರೂ ಪಂದ್ಯಗಳು ತಲೆಯಲ್ಲಿ ಉಳಿದಿದ್ದವು. ಅವನಂಥವರಿಗೆ ಮಾತು ಮರೆಯುತ್ತದೆ, ಅಂಕಿ ಮರೆಯುವುದಿಲ್ಲ. ಇವನು ಕುಸಿದ ದಿನವೆಲ್ಲ ಅವಳೂ ಕುಸಿದಿದ್ದಳು. ಇವನು ಮೆರೆದ ದಿನವೆಲ್ಲ ಅವಳೂ ಬೆನ್ನಟ್ಟಿ ಬಂದಿದ್ದಳು. ಅವಳ ಬಾಯಲ್ಲಿ ಒಂದೇ ಅಂಕಿ ಸಾಲಾಗಿ ಮೂರು ಸಲ ಬಂದದ್ದು ಅವನಿಗೆ ನೆನಪಾಗಲಿಲ್ಲ. ನಿಜವಾದ ದಾಳ ಹಾಗೆ ಬೀಳಲು ನಾಚಿಕೊಳ್ಳುವುದಿಲ್ಲ, ನಾಚಿಕೊಳ್ಳುವುದು ಅಂಕಿ ಹುಟ್ಟಿಸಿ ಹೇಳುವ ಮನುಷ್ಯರು. ಇದು ಅವನ ಕಸುಬು. ಲೋಕದವರ ದಾಳವನ್ನೆಲ್ಲ ಮೂಸಿ ನೋಡಿ ಹೇಳುವವನ ಕಣ್ಣಿಗೆ ಮನೆಯಲ್ಲೇ ಮಣ್ಣೆರಚಿದ್ದರು.

ಅವಳು ದಾಳ ಹಾಕುತ್ತಲೇ ಇಲ್ಲ. ಹೊಲಿಗೆಯಲ್ಲಿ ಕಣ್ಣಿಟ್ಟು, ಬಾಯಿಗೆ ಬಂದ ಅಂಕಿ ಹೇಳುತ್ತಿದ್ದಾಳೆ, ಹಟ ಹಿಡಿದ ಮಗುವಿಗೆ ಹೂಂ ಹೂಂ ಎನ್ನುವ ಹಾಗೆ. ಹಾಗಾದರೆ ಇಷ್ಟು ವರ್ಷ ತಾನು ಆಡಿದ್ದು ಯಾರ ಜೊತೆ? ಆಫೀಸಿನ ಕಂಪ್ಯೂಟರಿನ ಹಾಗೆ ತನ್ನ ಜೊತೆ ತಾನೇ. ವಾರದ ಏಳು ದಿನಗಳಲ್ಲಿ ಒಂದು ದಿನ ಒಬ್ಬನಲ್ಲ ಎಂದುಕೊಂಡಿದ್ದ, ಈಗ ಅದೂ ಹೋಯಿತು. ಶನಿವಾರ ಅವನು ಅನ್ನ ಬೇಯಿಸಿಕೊಂಡು ತಟ್ಟೆಗೆ ಹಾಕಿ ಉಣ್ಣದೆ ಎದ್ದ. ಫೋನು ಮಾಡದೇ ಇದ್ದುಬಿಡಬಹುದಿತ್ತು. ಮಾಡಿ, ಏನೂ ಗೊತ್ತಿಲ್ಲದವನ ಹಾಗೆ ಆಡಲೂಬಹುದಿತ್ತು. ಕೇಳಿಬಿಟ್ಟರೆ ಆಟ ಮುಗಿಯುತ್ತದೆ, ಆಟ ಮುಗಿದರೆ ಫೋನಿಗೆ ಕಾರಣವೇ ಇರುವುದಿಲ್ಲ. ಕೇಳದಿದ್ದರೆ ಪ್ರತಿ ಅಂಕಿಯೂ ಗಂಟಲಲ್ಲಿ ಮುಳ್ಳು. ಅಳೆದೂ ಸುರಿದೂ ಕೊನೆಗೆ, ಒಂದು ಸಲ ಪರೀಕ್ಷೆ ಮಾಡಿಯೇ ಬಿಡುವುದು ಎಂದು ತೀರ್ಮಾನಿಸಿದ. ಅವನಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

ಭಾನುವಾರ ಊಟದ ಹೊತ್ತು ಕಳೆದ ಮೇಲೆ ಫೋನು ಮಾಡಿದ. ಮೊದಲ ಆಟ ಅವನದು. ದಾಳವನ್ನು ಮೇಜಿನ ಮೇಲೆ ಟಕಟಕ ಉರುಳಿಸಿದ. ಮೂರು ಬಿತ್ತು.

"ಐದು," ಎಂದ. "ಬೋಳು ಕ್ಯಾಪ್ಟನ್ ಔಟು."

ಜೀವನದಲ್ಲಿ ಮೊದಲ ಸಲ ಬಿದ್ದದ್ದನ್ನು ಬಿಟ್ಟು ಬೇರೆ ಹೇಳಿದ್ದ. ಕಿವಿ ಬಿಸಿಯಾಯಿತು. ಮತ್ತೆ ಉರುಳಿಸಿದ, ನೋಡಲೂ ಇಲ್ಲ. "ಐದು. ಎಡಚ ಔಟು." ನಡುನಡುವೆ ಒಂದೋ ಎರಡೋ ರನ್ನು ಕೊಟ್ಟು, ತನ್ನವರನ್ನು ಒಬ್ಬೊಬ್ಬರಾಗಿ ತಾನೇ ಕೊಂದ. ಗೂಬೆಯ ಸರದಿ ಬಂದಾಗ ಸ್ವಲ್ಪ ಕನಿಕರವೂ ಆಯಿತು. ಇಡೀ ತಂಡ ಹದಿನಾಲ್ಕು ರನ್ನಿಗೆ ಮಕಾಡೆ ಮಲಗಿತು. ಇಂಥ ಅನಾಹುತ ಆ ಆಟದ ಚರಿತ್ರೆಯಲ್ಲೇ ಆಗಿರಲಿಲ್ಲ.

"ಅಣ್ಣ, ಹುಷಾರಾಗಿದ್ದೀಯ ತಾನೆ?" ಎಂದಳು ತಂಗಿ.

"ನನಗೇನಾಗಿದೆ? ನೀನು ಹಾಕು. ಹದಿನೈದು ಬೇಕು ಗೆಲ್ಲೋಕೆ."

ಯಾವ ದಾಳಕ್ಕಾದರೂ ಅದು ಚಿಟಿಕೆ ಹೊಡೆಯುವಷ್ಟರ ಕೆಲಸ. ನಾಲ್ಕು ಒಳ್ಳೆಯ ಎಸೆತ ಬಿದ್ದರೆ ಪಂದ್ಯ ಮುಗಿಯಿತು. ದಾಳಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದ. ಹೊಡಿ, ಆರು ಹೊಡಿ, ಹೊಡೆದು ಗೆದ್ದುಬಿಡು ಎಂದು ಒಳಗೊಳಗೇ ಬೇಡಿಕೊಂಡ. ತನ್ನ ಲೆಕ್ಕ ತಪ್ಪಾಗಲಿ ಎಂದು ಅವನು ಹಾರೈಸಿದ್ದು ಅದೇ ಮೊದಲು.

"ಎರಡು," ಎಂದಳು ಅವಳು. ಆಮೇಲೆ, "ಐದು. ಪೋಸ್ಟ್‌ಮ್ಯಾನ್ ಔಟು."

ಅವನು ಹಲಗೆಯ ಮೇಲೆ ಒಂದು ಗೆರೆ ಎಳೆದ.

"ಒಂದು. ಐದು, ಹಾಲಿನವನು ಔಟು. ಮೂರು. ಐದು." ಅವಳ ದನಿಯಲ್ಲಿ ಆಟದ ಹುರುಪಿರಲಿಲ್ಲ. ಹುಷಾರಿಲ್ಲದವರಿಗೆ ಚಮಚದಲ್ಲಿ ಔಷಧಿ ಕುಡಿಸುವಂತೆ ಒಂದೊಂದೇ ಅಂಕಿಯನ್ನು ಅಳೆದು ಅಳೆದು ಹೇಳುತ್ತಿದ್ದಳು. ಲೆಕ್ಕದ ಮೇಷ್ಟ್ರೂ ಹೋದರು. ಒಂಬತ್ತು ಜನ ಹೋಗಿ, ರನ್ನು ಹದಿನಾಲ್ಕಕ್ಕೆ ಬಂದು ಸಮ ನಿಂತಿತು. ಕೊನೆಯವನು ಉಳಿದಿದ್ದ.

"ಅಬ್ಬ, ಸಮ ಆಯ್ತಲ್ಲ ಅಣ್ಣ! ಕೊನೇ ವಿಕೆಟ್ಟು," ಎಂದಳು, ಎಲ್ಲ ಸಲದ ಹಾಗೆ.

"ನಿನ್ನ ದಾಳ ಎಲ್ಲಿದೆ?" ಎಂದ ಅವನು.

"ಇಲ್ಲೇ, ಕೈಯಲ್ಲಿ."

"ಸುಳ್ಳು ಹೇಳಬೇಡ ಕಣೇ."

"ಗುಂಡಿ ಡಬ್ಬದಲ್ಲಿದೆ," ಎಂದಳು.

"ಯಾವಾಗಿಂದ?"

"ಅತ್ತಿಗೆ ಹೋದ ವರ್ಷದಿಂದ."

ಅವನಿಗೆ ಕೂಗಾಡಬೇಕು ಎನಿಸಿತು, ಆದರೆ ಬಾಯಿಂದ ಬಂದದ್ದು, "ಯಾಕೆ?" ಎಂಬುದಷ್ಟೇ.

"ಆ ವರ್ಷ ನಿನ್ನ ದಾಳಕ್ಕೆ ಏನು ಬಂದಿತ್ತೋ, ಬರೀ ಐದೇ ಬೀಳೋದು. ವಾರ ವಾರ ನೀನೇ ಸೋಲ್ತಿದ್ದೆ. ಸೋತ ತಕ್ಷಣ, ಸರಿ ಇಡ್ತೀನಿ ಅಂತ ಇಟ್ಟೇಬಿಡ್ತಿದ್ದೆ. ಊಟ ಮಾಡಿದ್ಯಾ ಅಂತ ಕೇಳೋಕೂ ಬಿಡ್ತಿರಲಿಲ್ಲ. ಒಂದು ಭಾನುವಾರ ಫೋನೇ ಮಾಡಲಿಲ್ಲ ನೀನು."

"ನೆನಪಿಲ್ಲ."

"ನನಗಿದೆ. ಸಂಜೆವರೆಗೂ ಫೋನ್ ಪಕ್ಕದಲ್ಲೇ ಕೂತಿದ್ದೆ. ಅವತ್ತೇ ಎತ್ತಿ ಡಬ್ಬಕ್ಕೆ ಹಾಕಿದೆ."

"ಅದಕ್ಕೆ ಗೆಲ್ಲಿಸಿದ್ದಿದ್ರೆ ಆಗ್ತಿತ್ತಲ್ಲ. ಹೀಗೆ ಪ್ರತಿ ಸಲ..."

"ಗೆಲ್ಲಿಸೂ ನೋಡಿದೆ. ಆಗಲೂ ನೀನು ಬೇಗ ಇಡ್ತಿದ್ದೆ. ಹತ್ತಿರಕ್ಕೆ ಬಂದರೆ ಮಾತ್ರ ನೀನು ಮಾತಾಡೋದು. ಕೊನೇ ವಿಕೆಟ್ಟು ಅಂದ್ರೆ ಸಾಕು, ಆ ಟೆನ್ಷನ್‌ನಲ್ಲಿ ಆಫೀಸಲ್ಲಿ ಯಾರು ಬೈದ್ರು, ಅಡಿಗೆಮನೆ ನಲ್ಲಿ ಹೇಗೆ ಸೋರ್ತಿದೆ, ಎಲ್ಲ ಹೇಳ್ತಿದ್ದೆ."

"ಅದು ಮೋಸ," ಎಂದ ದಾಳಪ್ಪ.

"ಹೂಂ, ಮೋಸಾನೇ. ದಾಳಕ್ಕೇನು ಗೊತ್ತು ಅಣ್ಣ, ನೀನು ಒಬ್ಬನೇ ಇದ್ದೀಯ ಅಂತ."

ಅವನು ಎದುರಿನ ಕುರ್ಚಿಯ ಮೇಲಿನ ಬಟ್ಟೆ ರಾಶಿಯನ್ನು ನೋಡುತ್ತಾ ನಿಂತ. ಕಣ್ಣು ತುಂಬಿತ್ತು, ಒರೆಸಿಕೊಳ್ಳಲೂ ತೋಚಲಿಲ್ಲ. ತಾನೊಬ್ಬನೇ ಆಡುತ್ತಿದ್ದೆ ಎಂದುಕೊಂಡಿದ್ದ. ಆಡುತ್ತಿದ್ದವಳು ಅವಳೊಬ್ಬಳೇ. ಇವನ ಪ್ರತಿ ಅಂಕಿಗೂ ಕಿವಿಗೊಟ್ಟು, ಕೂಡಿ ಕಳೆದು, ವಾರ ವಾರ ಇವನನ್ನು ಅರ್ಧ ಗಂಟೆ ಹಿಡಿದು ಕೂರಿಸಿದ್ದಳು.

"ಇವತ್ತು ನಾನೂ ಬಿದ್ದದ್ದನ್ನ ಹೇಳಲಿಲ್ಲ," ಎಂದ.

"ಗೊತ್ತಾಯ್ತು ಬಿಡು. ಹದಿನಾಲ್ಕು ಅಂದ್ರೆ ಯಾರು ನಂಬ್ತಾರೆ?" ಅವಳು ನಕ್ಕಳು, ಆ ನಗೆಯ ಕೊನೆ ಒದ್ದೆಯಾಗಿತ್ತು. "ಏನೋ ತುಂಬಾ ಬೇಜಾರಲ್ಲಿದ್ದಾನೆ ಅಂದ್ಕೊಂಡೆ. ಅದಕ್ಕೆ ನನ್ನವರನ್ನೂ ಮಲಗಿಸಿದೆ. ಪಾಪ, ಪೋಸ್ಟ್‌ಮ್ಯಾನ್."

"ಮನೆಯವರೆಲ್ಲ ಎಲ್ಲಿ? ಸದ್ದೇ ಇಲ್ಲ."

"ಹೊರಗೆ ಹೋಗಿದ್ದಾರೆ. ಭಾನುವಾರ ಮಧ್ಯಾಹ್ನ ಹೋಗ್ತಾರಲ್ಲ ಯಾವಾಗಲೂ."

"ನೀನು ಹೋಗಲ್ವಾ?"

"ನಿನ್ನ ಫೋನ್ ಬರುತ್ತಲ್ಲ," ಎಂದಳು.

ಇದು ಅವನಿಗೆ ಗೊತ್ತಿರಲಿಲ್ಲ. ಕೇಳಿದ್ದರೆ ತಾನೆ ಗೊತ್ತಾಗುವುದು! ಅವನು ಗಂಟಲು ಸರಿಮಾಡಿಕೊಂಡು, "ಆಟ ಮುಗಿದಿಲ್ಲ. ಕೊನೇ ವಿಕೆಟ್ಟಿದೆ. ದಾಳ ತೆಗೆದು ಹಾಕು. ಬಟ್ಟೆ ಮೇಲೆ ಬೇಡ," ಎಂದ.

ಡಬ್ಬದ ಮುಚ್ಚಳ ತೆರೆದದ್ದು ಕೇಳಿತು. ಗುಂಡಿಗಳು ಗಲಗಲ ಎಂದವು, ಅವಳು ಕೆದಕಿ ಹುಡುಕುತ್ತಿದ್ದಳು. ಆಮೇಲೆ ಬರಿಯ ಮರದ ಮೇಲೆ ಟಕ್, ಟಕಟಕ, ಟಕ್. ಅವನು ಉಸಿರು ಹಿಡಿದು ಕೇಳಿದ. ಎಷ್ಟೋ ವರ್ಷಗಳ ಹಿಂದೆ ಒಂದೇ ನೆಲದ ಮೇಲೆ ಎದುರುಬದುರು ಕೂತು ಕೇಳಿದ್ದ ಅದೇ ಸದ್ದು.

"ಏನು ಬಿತ್ತು?"

"ಎರಡು," ಎಂದಳು ಸಣ್ಣ ದನಿಯಲ್ಲಿ. "ನಾನು ಗೆದ್ದೆ, ಅಣ್ಣ."

"ಸರಿ," ಎಂದ ಅವನು.

ಇಡ್ತೀನಿ ಎಂಬ ಮುಂದಿನ ಮಾತು ನಾಲಗೆಯ ತುದಿಗೆ ಬಂದು ಕೂತಿತ್ತು. ಎಷ್ಟೋ ವರ್ಷಗಳ ಅಭ್ಯಾಸ, ತಾನಾಗಿಯೇ ಬರುತ್ತದೆ. ಆ ಕಡೆ ಅವಳೂ ಸುಮ್ಮನಿದ್ದಳು. ಆ ಮಾತಿಗಾಗಿಯೇ ಕಾಯುತ್ತಿದ್ದಾಳೆ, ಅದು ಬಂದ ಮೇಲೆ ಫೋನು ಕೆಳಗಿಟ್ಟು ಖಾಲಿ ಮನೆಯಲ್ಲಿ ಸೂಜಿ ಎತ್ತಿಕೊಳ್ಳುತ್ತಾಳೆ ಎಂದು ಅವನಿಗೆ ಅರ್ಥವಾಯಿತು.

"ಏನು ಹೊಲೀತಿದ್ದೆ?" ಎಂದು ಕೇಳಿದ.

"ಏನು?"

"ಈಗ ಕೈಯಲ್ಲಿ ಏನಿತ್ತು, ಏನು ಹೊಲೀತಿದ್ದೆ ಅಂತ."

ಅವಳು ಮೂಗು ಒರೆಸಿಕೊಂಡದ್ದು ಕೇಳಿತು. "ಒಬ್ಬರ ಪ್ಯಾಂಟು. ಕಾಲು ಮಡಚಿ ಹೊಲೀಬೇಕು. ಅವರಿಗೆ ಒಂದು ಕಾಲು ಸ್ವಲ್ಪ ಗಿಡ್ಡ. ಅದಕ್ಕೆ ಎರಡು ಕಾಲಿಗೂ ಬೇರೆ ಬೇರೆ ಅಳತೆ ಇಡ್ತೀನಿ, ಅವರಿಗೂ ಹೇಳಿಲ್ಲ. ಹಾಕ್ಕೊಂಡು ನಿಂತರೆ ಸಮ ಕಾಣುತ್ತೆ."

ದಾಳಪ್ಪ ಕುರ್ಚಿ ಎಳೆದುಕೊಂಡು ಕೂತ. "ಯಾರು ಅವರು? ಹೇಳು," ಎಂದ.

ಅವಳು ಹೇಳತೊಡಗಿದಳು. ಅವನು ಹಲಗೆ ಒರೆಸುವುದನ್ನು ಮರೆತು ಕೇಳುತ್ತಾ ಕೂತಿದ್ದ.